ಮೂರು ರಾಜರ ಸುಳ್ಳು

ಲಿಫ್ಟ್ ರಿಪೇರಿಯಲ್ಲಿ ಎರಡೇ ಜಾಗ. ಒಂದು ಮೇಲೆ, ಕಟ್ಟಡದ ನೆತ್ತಿಯಲ್ಲಿರುವ ಮೋಟಾರಿನ ಕೋಣೆ. ಅಲ್ಲಿ ಬೆಳಕಿದೆ, ಕಿಟಕಿಯಿದೆ, ಕೂರಲು ಒಂದು ಖಾಲಿ ಡಬ್ಬವಾದರೂ ಇರುತ್ತದೆ. ಇನ್ನೊಂದು ಕೆಳಗೆ, ಲಿಫ್ಟಿನ ದಾರಿ ಮುಗಿಯುವಲ್ಲಿರುವ ಗುಂಡಿ. ಅಲ್ಲಿ ಗ್ರೀಸು, ತುಕ್ಕು, ಯಾರೋ ಬೀಳಿಸಿಕೊಂಡ ಬೀಗದ ಕೈ, ಸತ್ತ ಇಲಿ. ತಲೆಯ ಮೇಲೆ ತೂಗುವ ಲಿಫ್ಟಿನ ತಳ. ತೋರ್ಸಪ್ಪನೊಬ್ಬನನ್ನು ಬಿಟ್ಟರೆ ಅಲ್ಲಿಗೆ ಇಷ್ಟಪಟ್ಟು ಇಳಿಯುವವರನ್ನು ಆ ಕಂಪನಿಯಲ್ಲಿ ಯಾರೂ ಕಂಡಿರಲಿಲ್ಲ. ಅವನೂ ಇಷ್ಟ ಎಂದು ಬಾಯಿಬಿಟ್ಟು ಹೇಳಿದವನಲ್ಲ.

ವಾರವಿಡೀ ಗುಂಡಿಗೆ ಯಾರು ಇಳಿಯಬೇಕು ಎಂಬುದು ಸೋಮವಾರ ಬೆಳಗ್ಗೆ ಎಂಟು ಗಂಟೆಗೆ ಸ್ಟೋರ್ ರೂಮಿನಲ್ಲಿ, ಬೋರಲು ಹಾಕಿದ ಕೇಬಲ್ ಚಕ್ರದ ಮೇಲೆ, ಪೋಕರ್ ಆಡಿ ತೀರ್ಮಾನವಾಗುತ್ತಿತ್ತು. ದುಡ್ಡಿನ ಬದಲು ತಲೆಗೆ ಇಪ್ಪತ್ತು ವಾಷರ್. ಎಂಟೂವರೆಗೆ ಹೊರಗೆ ವ್ಯಾನು ಹಾರನ್ ಹೊಡೆದಾಗ ಯಾರ ಮುಂದೆ ವಾಷರ್ ಕಡಿಮೆಯೋ ಅವರು ಕೆಳಗೆ. ಇಳಿಯುವವರಿಗೆ ಒಂದೇ ಒಂದು ಹಕ್ಕು: ಮೇಲೆ ಬ್ರೇಕಿನ ಹತ್ತಿರ ಯಾರು ನಿಲ್ಲಬೇಕೆಂದು ಅವರೇ ಹೇಳಬಹುದು. ಸರದಿ ಪ್ರಕಾರ ಇಳಿದರೆ ಆಗುವುದಿಲ್ಲವೇ ಎಂದು ಯಾರಾದರೂ ಕೇಳಿದರೆ ಮೇಸ್ತ್ರಿಯ ಉತ್ತರ ತಯಾರಿತ್ತು. "ಸರದಿ ಇಟ್ರೆ ಒಬ್ಬನಿಗೆ ಜ್ವರ ಬರುತ್ತೆ, ಇನ್ನೊಬ್ಬನ ಅಜ್ಜಿ ಸಾಯ್ತಾಳೆ. ಎಲೆ ಮುಂದೆ ಯಾರ ಅಜ್ಜೀನೂ ಸಾಯಲ್ಲ."

ಆಟ ಸರಳ. ಐದೈದು ಎಲೆ, ಒಂದು ಸಲ ಬೇಡದ್ದನ್ನು ಬದಲಾಯಿಸಬಹುದು, ಆಮೇಲೆ ವಾಷರ್ ಏರಿಸಬೇಕು. ಎದುರಿನವನು ಹಾಕಿದಷ್ಟು ಹಾಕಿ 'ತೋರಿಸು' ಎನ್ನಬಹುದು, ಇಲ್ಲವೇ 'ಪ್ಯಾಕ್' ಎಂದು ಎಲೆ ಮುಚ್ಚಬಹುದು. ಎಲ್ಲರೂ ಮುಚ್ಚಿದರೆ ಗೆದ್ದವನು ತನ್ನ ಎಲೆ ತೋರಿಸಬೇಕಿಲ್ಲ, ಮುಚ್ಚಿದವರದನ್ನಂತೂ ಯಾರೂ ಕೇಳುವಂತಿಲ್ಲ. ಈ ಕೊನೆಯ ನಿಯಮವೇ ತೋರ್ಸಪ್ಪನ ಜೀವ ಹಿಂಡುತ್ತಿದ್ದದ್ದು.

ಮೂರು ವರ್ಷದ ಹಿಂದೆ ಅವನಿಗೆ ಈ ಅಡ್ಡಹೆಸರು ಇರಲಿಲ್ಲ. ಆಗ ಅವನೂ ಅವನ ಅಣ್ಣನೂ ಒಂದೇ ಜೋಡಿ. ಒಬ್ಬ ಮೇಲೆ, ಒಬ್ಬ ಕೆಳಗೆ. ಅಂಥದೊಂದು ಸೋಮವಾರ ಇಬ್ಬರೇ ಕೂತು ಆಡಿದ್ದರು. ತೋರ್ಸಪ್ಪನ ಹೆಂಡತಿಗೆ ಹಿಂದಿನ ದಿನವಷ್ಟೇ ಹೆರಿಗೆಯಾಗಿತ್ತು. ಎರಡು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕಣ್ಣು ಮುಚ್ಚದೆ ಕಳೆದಿದ್ದ. ಮೇಲೆ ಹೋಗಿ ಡಬ್ಬದ ಮೇಲೆ ಕೂತರೆ ಸಾಕಾಗಿತ್ತು. ಕೈಯಲ್ಲಿದ್ದದ್ದು ಐದೂ ಬಿಡಿ ಎಲೆ, ಮೂರು ಕಾಸಿಗೂ ಬಾಳದವು. ಇದ್ದಬದ್ದ ವಾಷರನ್ನೆಲ್ಲ ಮುಂದೆ ತಳ್ಳಿ ಗಟ್ಟಿಯಾಗಿ ಕೂತ.

ಅಣ್ಣ ತನ್ನ ಎಲೆ ನೋಡಿಕೊಂಡ. ಆಮೇಲೆ ತಮ್ಮನನ್ನು ನೋಡಿದ. ಎಲೆಯ ಅಂಚಿನ ಮೇಲೆ ಉಗುರಿನಿಂದ ಎರಡು ಸಲ ಬಡಿದ, ಟಕ್ ಟಕ್, ಅದು ಅವನು ಯೋಚಿಸುವ ರೀತಿ. "ಆಯ್ತಪ್ಪ, ನೀನೇ ಮೇಲಿರು" ಎಂದು ತನ್ನ ಐದೂ ಎಲೆಯನ್ನು ಕಟ್ಟಿನ ನಡುವೆ ತುರುಕಿ ಕಲೆಸಿಬಿಟ್ಟ.

ಗುಂಡಿಯಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ, ಕಂಪನಿ ಕೊಟ್ಟ ವಾಕಿಟಾಕಿಯ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ಅದಕ್ಕೇ ಲಿಫ್ಟ್ ಜಾರುವ ಕಬ್ಬಿಣದ ಕಂಬಿಯೇ ಇವರ ಟೆಲಿಫೋನು. ಕೆಳಗಿನವರು ಸ್ಪ್ಯಾನರಿನಿಂದ ಎರಡು ಸಲ ಬಡಿದರೆ 'ಇದ್ದೀನಿ' ಎಂದು. ಮೇಲಿನವರೂ ಎರಡು ಬಡಿದು 'ಇದ್ದೀನಿ' ಎನ್ನಬೇಕು. ಬಿಡದೆ ಬಡಿದರೆ, ಬ್ರೇಕ್ ಎಳಿ ಎಂದು. ಅಂದು ಹನ್ನೊಂದರ ಹೊತ್ತಿಗೆ ಆ ಹಳೆಯ ಲಿಫ್ಟು ತಾನಾಗಿ ಜಾರತೊಡಗಿತು, ಮೆಲ್ಲಗೆ, ಸದ್ದಿಲ್ಲದೆ. ಅಣ್ಣ ಕಂಬಿ ಬಡಿದ. ಮೇಲೆ ತಮ್ಮ ಗೋಡೆಗೊರಗಿ ನಿದ್ದೆ ಹೋಗಿದ್ದ. ನಿದ್ದೆಯಲ್ಲೇ ಆ ಸದ್ದು ಕೇಳಿಸಿತ್ತು, ಆದರೆ ಕನಸಿನಲ್ಲಿ ಅದು ಅಣ್ಣನ ಉಗುರು ಎಲೆಯ ಮೇಲೆ ಬಡಿಯುವ ಸದ್ದಾಗಿತ್ತು. ಎಚ್ಚರಾಗಿ ಬ್ರೇಕಿನ ಹಿಡಿ ಎಳೆಯುವಷ್ಟರಲ್ಲಿ ಎಷ್ಟು ಹೊತ್ತು ಕಳೆದಿತ್ತೋ, ಅವನಿಗೆ ಇವತ್ತಿಗೂ ಗೊತ್ತಿಲ್ಲ.

ವಿಚಾರಣೆಗೆ ಬಂದವರು ಬ್ರೇಕ್ ಸವೆದಿತ್ತು ಎಂದು ಬರೆದುಕೊಂಡು ಹೋದರು. ಬರೆದದ್ದು ನಿಜವೇ. ಆದರೆ ಅದರ ಪಕ್ಕದಲ್ಲಿ ಇವನದು ಎರಡು ಸುಳ್ಳು ಸೇರಿಕೊಂಡವು. ಸದ್ದು ಕೇಳಿದ ಕೂಡಲೇ ಎಳೆದೆ ಎಂದದ್ದು ಒಂದು. ಅಣ್ಣನ ಹೆಣದ ಮುಂದೆ ನಿಂತು ಅತ್ತಿಗೆಗೆ, "ಆಟದಲ್ಲಿ ನಂಗೆ ಮೂರು ರಾಜ ಬಿದ್ದಿತ್ತು ಅತ್ತಿಗೆ, ನ್ಯಾಯವಾಗೇ ಗೆದ್ದಿದ್ದೆ" ಎಂದದ್ದು ಇನ್ನೊಂದು. ಯಾರೂ ಕೇಳಿರದ ಪ್ರಶ್ನೆಗೆ ಹೇಳಿದ ಉತ್ತರವದು.

ಅಲ್ಲಿಂದ ಶುರುವಾಯಿತು ಅವನ ರೋಗ. ಅಣ್ಣನ ಕೈಯಲ್ಲಿ ಏನಿತ್ತು? ಏನೂ ಇಲ್ಲದೆ ಮುಚ್ಚಿದ್ದರೆ ಅದು ಹಣೆಬರಹ. ಚೆನ್ನಾಗಿದ್ದೂ ಮುಚ್ಚಿದ್ದರೆ? ಆ ಐದು ಎಲೆ ಕಟ್ಟಿನೊಳಗೆ ಕಲೆತುಹೋಗಿದ್ದವು, ಇನ್ನು ಯಾವ ಜನ್ಮದಲ್ಲೂ ಕಾಣುವಂತಿರಲಿಲ್ಲ. ಹಾಗಾಗಿ ಬೇರೆ ಯಾರ ಎಲೆಯೂ ಅವನ ಕಣ್ಣಿಗೆ ಬೀಳದೆ ಹೋಗಬಾರದು. ವೈರ್‌ಮನ್ ಕೈಯಲ್ಲಿ ಭರ್ಜರಿ ಎಲೆ ಇದೆ ಎಂದು ಕುರುಡನಿಗೂ ಗೊತ್ತಾಗುವಾಗ ಇವನು ಜೋಡಿ ಮೂರು ಹಿಡಿದುಕೊಂಡು "ತೋರಿಸು" ಎನ್ನುತ್ತಿದ್ದ. ನೋಡುತ್ತಿದ್ದ, ಸೋಲುತ್ತಿದ್ದ, ಗುಂಡಿಗೆ ಇಳಿಯುತ್ತಿದ್ದ. ವೈರ್‌ಮನ್ ತೋರ್ಸಪ್ಪ ಎಂದು ಹೆಸರಿಟ್ಟ. ಅದು ಸಂಬಳದ ಚೀಟಿಯೊಂದನ್ನು ಬಿಟ್ಟು ಎಲ್ಲ ಕಡೆ ಅಂಟಿಕೊಂಡಿತು. ಆಟ ಬಾರದ ಪೆದ್ದ ಎಂದು ಎಲ್ಲರೂ ನಕ್ಕರು. ಪೆದ್ದನಲ್ಲ ಅವನು. ಸೋಲುತ್ತೇನೆಂದು ಗೊತ್ತಿದ್ದೇ ವಾಷರ್ ಹಾಕುತ್ತಿದ್ದ, ಹಾಕುವಾಗ ಎದೆಯಲ್ಲಿ ಏನೋ ಹಗುರಾಗುತ್ತಿತ್ತು.

ಗುಂಡಿಯ ಕತ್ತಲಲ್ಲಿ ಅವನಿಗೆ ಆ ಸದ್ದು ಕೇಳಿಸುತ್ತಿತ್ತು. ಎಲ್ಲ ವಾರವೂ ಅಲ್ಲ. ಕೆಲಸ ಮುಗಿದು ಸ್ಪ್ಯಾನರ್ ಕೆಳಗಿಟ್ಟ ಮೇಲೆ, ಮೇಲಿನವರು ಸುಮ್ಮನಿದ್ದಾಗ, ಕಂಬಿಯೊಳಗೆ ಎಲ್ಲೋ ಟಕ್ ಟಕ್. ಕಬ್ಬಿಣ ಬಿಸಿಯೇರಿ ಇಳಿಯುವಾಗ ಸದ್ದು ಮಾಡುತ್ತದೆ ಎಂದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕತ್ತಲಿಗೆ ಬಾಯಿಟ್ಟು, "ಏನಿತ್ತು ಅಣ್ಣ ಕೈಲಿ?" ಎಂದು ಕೇಳುತ್ತಿದ್ದ.

ಹೋದ ತಿಂಗಳು ಅದು ಮಿತಿಮೀರಿತು. ಅಣ್ಣ ಸತ್ತ ಮೇಲೆ ಮೇಸ್ತ್ರಿ ಹೊಸ ಕಟ್ಟಳೆ ಮಾಡಿದ್ದ: ಗುಂಡಿಗೆ ಇಳಿದ ಕೂಡಲೇ ಉಕ್ಕಿನ ಆಸರೆ ಕಂಬ ನಿಲ್ಲಿಸಬೇಕು, ಲಿಫ್ಟು ಜಾರಿದರೂ ಅದರ ಮೇಲೆ ಕೂತು ನಿಲ್ಲುತ್ತದೆ. ಅಂದು ಊಟದ ಹೊತ್ತಾದರೂ ತೋರ್ಸಪ್ಪ ಮೇಲೆ ಬರಲಿಲ್ಲ. ಮೇಸ್ತ್ರಿ ಬಾಗಿಲು ತೆರೆದು ಟಾರ್ಚ್ ಬಿಟ್ಟ. ಕೆಳಗೆ ದೀಪ ಆರಿತ್ತು, ಆಸರೆ ಕಂಬ ನೆಲದ ಮೇಲೆ ಮಲಗಿತ್ತು, ಪಕ್ಕದಲ್ಲಿ ತೋರ್ಸಪ್ಪ ಮೊಣಕಾಲು ತಬ್ಬಿಕೊಂಡು ಮೇಲೆ ನೋಡುತ್ತ ಕೂತಿದ್ದ. ಮೇಸ್ತ್ರಿ ಬಯ್ಯಲಿಲ್ಲ. ಕೈ ಹಿಡಿದು ಎಳೆದುಕೊಂಡ, ಸಂಜೆ ಅವನ ಮನೆಗೇ ಹೋಗಿ ಹೆಂಡತಿಗೆ ಹೇಳಿ ಬಂದ.

ಅಣ್ಣ ಸತ್ತ ಆ ಕಟ್ಟಡದ ಗುತ್ತಿಗೆ ಮೂರು ವರ್ಷದ ಮೇಲೆ ಮತ್ತೆ ಕಂಪನಿಗೆ ಬಂತು. ಅದೇ ಲಿಫ್ಟು, ಅದೇ ಗುಂಡಿ. ಸುದ್ದಿ ಕೇಳಿದ ಹೆಂಡತಿ ಭಾನುವಾರ ಬಟ್ಟೆ ಮಡಚುತ್ತ ಮಡಚುತ್ತ ನಿಂತುಬಿಟ್ಟಳು.

"ನಾಳೆ ಸೋತ್ರೆ ನೀವು ಅಲ್ಲಿಗೆ ಇಳೀತೀರ."

"ಇಳೀಬೇಕಾಗುತ್ತೆ."

"ಇಳಿದ್ರೆ ಮೇಲೆ ಬರ್ತೀರಾ?"

ಅವಳಿಗೆ ಅಳು ಬಂದಿತ್ತು, ನುಂಗಿಕೊಂಡಳು. ಮಗುವಿನ ಅಂಗಿಯನ್ನು ನಾಲ್ಕು ಮಡಿಕೆ ಮಾಡಿ ಎತ್ತಿಟ್ಟಳು.

"ನಂಗೆ ನಿಮ್ಮ ಎಲೆ ಆಟ ಗೊತ್ತಿಲ್ಲ ರೀ. ತುರಿಕೆ ಗೊತ್ತು. ಮಗೂಗೆ ಮೈತುಂಬ ಗುಳ್ಳೆ ಎದ್ದಾಗ ಕೈ ಹಿಡ್ಕೊಂಡು ಕೂತಿದ್ವಲ್ಲ, ಕೆರ್ಕೊಂಡ್ರೆ ಹಾಯಾಗಿರುತ್ತೆ, ಆದ್ರೆ ಕಲೆ ಉಳಿಯುತ್ತೆ ಅಂತ. ಇದೂ ಅದೇ. 'ತೋರಿಸು' ಅನ್ನೋಕೆ ಬಾಯಿಗೆ ಬಂದಾಗ ಕೈನ ತೊಡೆ ಕೆಳಗೆ ಇಟ್ಕೊಳ್ಳಿ. ಹತ್ತು ಎಣಿಸಿ. ಇದು ಆಟಾನಾ ತುರಿಕೆನಾ ಅಂತ ಕೇಳ್ಕೊಳ್ಳಿ."

"ಅಷ್ಟೇನಾ?"

"ಅಷ್ಟೇ. ನಂಗೆ ಗೊತ್ತಿರೋದು ಅಷ್ಟೇ."

ಅಂದು ಅವಳು ಅವನನ್ನು ಬೇಗ ಮಲಗಿಸಿದಳು. ಆಶ್ಚರ್ಯವೆಂದರೆ ಅವನಿಗೆ ನಿದ್ದೆಯೂ ಬಂತು.

ಸೋಮವಾರ ಸ್ಟೋರ್ ರೂಮಿನಲ್ಲಿ ನಾಲ್ಕು ಜನ. ಮೇಸ್ತ್ರಿ, ವೈರ್‌ಮನ್, ತೋರ್ಸಪ್ಪ, ಮತ್ತು ಅಣ್ಣನ ಮಗಳು. ಅವಳು ಮೆಕ್ಯಾನಿಕ್ ಆಗಿ ಸೇರಿ ಒಂದು ವರ್ಷವಾಗಿತ್ತು. ತಾಯಿ ಬೇಡವೆಂದು ಹಟ ಹಿಡಿದರೂ ಅಪ್ಪನ ಟೂಲ್ ಬಾಕ್ಸನ್ನೇ ಹೊತ್ತು ಬಂದವಳು. ಕೈ ಚುರುಕು, ಮಾತು ಕಡಿಮೆ, ಬೀಗ ಹಾಕಿದ್ದನ್ನು ಎರಡು ಸಲ ಎಳೆದು ನೋಡುವ ಹುಷಾರಿ. ಯೋಚಿಸುವಾಗ ಎಲೆಯ ಅಂಚನ್ನು ಉಗುರಿನಿಂದ ಬಡಿಯುತ್ತಿದ್ದಳು. ಅದನ್ನು ಯಾರೂ ಕಲಿಸಿರಲಿಲ್ಲ.

"ನೀನು ಈ ವಾರ ರಜಾ ಹಾಕು" ಎಂದ ಮೇಸ್ತ್ರಿ ತೋರ್ಸಪ್ಪನಿಗೆ. "ನಾವು ಮೂರು ಜನ ಆಡ್ಕೋತೀವಿ."

"ಎಲೆ ಹಾಕಿ" ಎಂದ ತೋರ್ಸಪ್ಪ.

ಮೊದಲ ಕೈಯಲ್ಲೇ ವೈರ್‌ಮನ್ ನಾಲ್ಕು ವಾಷರ್ ಏರಿಸಿ ಮೀಸೆಯಲ್ಲೇ ನಕ್ಕ. ತೋರ್ಸಪ್ಪನ ಬೆರಳು ಆಗಲೇ ವಾಷರಿನ ಮೇಲಿತ್ತು. ಎಳೆದುಕೊಂಡು ತೊಡೆಯ ಕೆಳಗೆ ಇಟ್ಟ. ಒಂದು, ಎರಡು, ಮೂರು. ಆ ಮುಚ್ಚಿದ ಐದು ಎಲೆ ಅವನನ್ನು ಎಳೆಯುತ್ತಿದ್ದವು. ಅಂಗೈ ನಿಜವಾಗಿಯೇ ತುರಿಸಿತು. ಹತ್ತು. "ಪ್ಯಾಕ್."

ಮೇಸ್ತ್ರಿ ತಲೆಯೆತ್ತಿದ. ವೈರ್‌ಮನ್ ಬಾಯಿ ತೆರೆದು ಕೂತ. "ಏನಪ್ಪ ಇದು, ತೋರ್ಸಪ್ಪ ಹೋಗಿ ಮುಚ್ಚಪ್ಪ ಆಗ್ಬಿಟ್ಟ. ಸೂರ್ಯ ಯಾವ ಕಡೆ ಹುಟ್ಟಿದಾನೆ ಇವತ್ತು?" ಎಂದು ಗೆದ್ದ ಎಲೆಯನ್ನು ಅವನ ಮೂಗಿನ ಮುಂದೆ ಬೆನ್ನು ಮಾಡಿ ಆಡಿಸಿ, ತೋರಿಸದೆ ಕಟ್ಟಿಗೆ ಸೇರಿಸಿದ. ಅದರಲ್ಲಿ ಏನಿತ್ತೆಂದು ತೋರ್ಸಪ್ಪನಿಗೆ ತಿಳಿಯಲೇ ಇಲ್ಲ. ಆದರೂ ಸಾಯಲಿಲ್ಲ.

ಹೀಗೆ ಐದಾರು ಕೈ ನಡೆಯಿತು. ಎಣಿಸಿ ಎಣಿಸಿ ಮುಚ್ಚಿದ, ಒಳ್ಳೆಯ ಎಲೆ ಬಂದಾಗ ಆಡಿ ಎರಡು ಸಲ ಗೆದ್ದ ಕೂಡ. ತಾನು ಇಷ್ಟು ಚೆನ್ನಾಗಿ ಆಡಬಲ್ಲೆ ಎಂಬುದೇ ಅವನಿಗೆ ಮರೆತುಹೋಗಿತ್ತು. ಅಷ್ಟರಲ್ಲಿ ಅಣ್ಣನ ಮಗಳು ವಾಷರ್ ಏರಿಸಿ ಎಲೆಯಂಚಿನ ಮೇಲೆ ಬಡಿದಳು, ಟಕ್ ಟಕ್. ಅಷ್ಟೇ ಸಾಕಾಯಿತು. ಎಣಿಸುವುದು ಹಾಗಿರಲಿ, ಕೈ ತೊಡೆಯ ಕೆಳಗೆ ಹೋಗುವ ಮೊದಲೇ "ತೋರಿಸು" ಎಂದಿದ್ದ. ಅವಳ ಕೈಯಲ್ಲಿ ಎರಡು ಜೋಡಿ, ಇವನ ಕೈಯಲ್ಲಿ ಬರೀ ಎಕ್ಕ. ಒಂದೇ ಏಟಿಗೆ ಒಂಬತ್ತು ವಾಷರ್ ಹೋಯಿತು. ಮೇಸ್ತ್ರಿ ನಿಟ್ಟುಸಿರು ಬಿಟ್ಟ.

ಅವಳೂ ಆಮೇಲೆ ವೈರ್‌ಮನ್‌ಗೆ ಕಳೆದುಕೊಂಡಳು. ಕೊನೆಯ ಕೈ ಹಂಚುವಾಗಲೇ ಹೊರಗೆ ವ್ಯಾನಿನ ಹಾರನ್ ಕೇಳಿಸಿತು. ಹಂಚಿದ ಕೈಯನ್ನು ಆಡಿ ಮುಗಿಸಲೇಬೇಕು. ಮೇಸ್ತ್ರಿ, ವೈರ್‌ಮನ್ ಇಬ್ಬರ ಮುಂದೆ ವಾಷರ್ ರಾಶಿಯಿತ್ತು. ಕೆಳಗೆ ಹೋಗುವುದು ಇನ್ನು ಚಿಕ್ಕಪ್ಪ, ಇಲ್ಲವೇ ಮಗಳು. ಎಲ್ಲರೂ ಒಂದೊಂದು ವಾಷರ್ ಮಧ್ಯಕ್ಕೆ ಹಾಕಿದ ಮೇಲೆ ಅವನ ಹತ್ತಿರ ಉಳಿದದ್ದು ಏಳು, ಅವಳ ಹತ್ತಿರ ಐದು. ಅವಳು ಮೂರು ಎಲೆ ಬದಲಾಯಿಸಿದಳು. ಅವನು ಎರಡು. ಬಂದ ಎಲೆ ತಿರುಗಿಸಿ ನೋಡಿದರೆ ಕೈಯಲ್ಲಿ ಆರರ ಎಲೆ ಮೂರಾಗಿದ್ದವು. ಮೇಸ್ತ್ರಿ, ವೈರ್‌ಮನ್ ಇಬ್ಬರೂ ಮುಚ್ಚಿದರು. ಅವಳು ಐದೂ ವಾಷರನ್ನು ಮುಂದೆ ತಳ್ಳಿದಳು.

ಲೆಕ್ಕ ಮಕ್ಕಳಿಗೂ ತಿಳಿಯುವಂಥದ್ದು. ಅವನು ಮುಚ್ಚಿದರೆ ಮಧ್ಯದ್ದೆಲ್ಲ ಅವಳಿಗೆ, ಗುಂಡಿಗೆ ಅವನು. ತೋರಿಸು ಎಂದು ಗೆದ್ದರೆ ಗುಂಡಿಗೆ ಅವಳು. ಮೂರು ಎಲೆ ಬದಲಾಯಿಸಿದವಳ ಮುಂದೆ ಮೂರು ಆರು ಸಣ್ಣ ಕೈಯಲ್ಲ.

ಆಗ ಕಿವಿಯೊಳಗೆ ಅಣ್ಣ ಮಾತಾಡಿದ. ನನ್ನ ಮಗಳನ್ನ ಆ ಗುಂಡಿಗೆ ಕಳಿಸ್ತೀಯೇನೋ ತಮ್ಮಾ? ಮುಚ್ಚಿಬಿಡು. ನಾನು ನಿನಗೋಸ್ಕರ ಮುಚ್ಚಲಿಲ್ವಾ? ನೀನು ಅವಳಿಗೋಸ್ಕರ ಮುಚ್ಚು, ಋಣ ತೀರಿಹೋಗುತ್ತೆ.

ತೋರ್ಸಪ್ಪನ ಕಣ್ಣು ತುಂಬಿತು. ಎಷ್ಟು ಸುಲಭ, ಎಷ್ಟು ಒಳ್ಳೆಯದು. ಮುಚ್ಚಲು ಎಲೆ ಎತ್ತಿದವನಿಗೆ ಹೆಂಡತಿಯ ಮಾತು ನೆನಪಾಗಿ ಕೈಯನ್ನು ತೊಡೆಯ ಕೆಳಗಿಟ್ಟ. ಒಂದು. ಎರಡು. ಅಂಗೈ ತುರಿಸುತ್ತಿತ್ತು. ನಾಲ್ಕು, ಐದು. ಅದೇ ತುರಿಕೆ, ಅದೇ ಜಾಗದಲ್ಲಿ. ಆರರ ಹೊತ್ತಿಗೆ ಅವನಿಗೆ ಹೊಳೆಯಿತು: ಅಣ್ಣ ಬದುಕಿದ್ದಾಗ ಇಷ್ಟು ಸಿಹಿಯಾಗಿ ಮಾತಾಡಿದವನೇ ಅಲ್ಲ. ತಮ್ಮನಿಗೆ ಅವನು ಹೇಳುತ್ತಿದ್ದದ್ದು 'ಸ್ಪ್ಯಾನರ್ ಕೊಡೋ', 'ಊಟ ಮಾಡಿದ್ಯೇನೋ' ಇಂಥವೇ. ಮೂರು ವರ್ಷ 'ತೋರಿಸು' ಎನ್ನಿಸಿದ್ದು ತುರಿಕೆ. ಇವತ್ತು 'ಮುಚ್ಚು' ಎನ್ನುತ್ತಿರುವುದೂ ಅದೇ, ವೇಷ ಹಾಕಿಕೊಂಡು ಬಂದಿದೆ. ಎರಡು ದಾರಿಯೂ ಹೋಗಿ ಮುಟ್ಟುವುದು ಆ ಆಸರೆ ಕಂಬ ಮಲಗಿಸಿದ ಕತ್ತಲಿಗೆ. ಅವಳೋ ನಿದ್ದೆ ಮಾಡಿ ಬಂದವಳು, ಕಂಬ ನಿಲ್ಲಿಸಿ ಎರಡು ಸಲ ಅಲ್ಲಾಡಿಸಿ ನೋಡುವವಳು. ಕೆಲಸ ಮಾಡಿ ಮೇಲೆ ಬರುತ್ತಾಳೆ. ಅವನು ಇಳಿದರೆ ಬರುವುದಿಲ್ಲ. ಹತ್ತು.

ಐದು ವಾಷರ್ ಎಣಿಸಿ ಹಾಕಿದ. "ತೋರಿಸಮ್ಮ."

ಅವಳ ಮುಖದ ಬಣ್ಣ ಇಳಿಯಿತು. ಎಲೆ ತಿರುಗಿಸಿದಳು; ಒಂದು ಜೋಡಿಯೂ ಇರಲಿಲ್ಲ. ಅವನು ಮೂರು ಆರನ್ನು ಕೆಳಗಿಟ್ಟ.

"ಬೇಡ, ನಾನೇ ಇಳೀತೀನಿ" ಎಂದ ಮೇಸ್ತ್ರಿ.

"ಯಾಕೆ? ಆಟ ಆಡಿದ್ದು ಸುಮ್ನೇನಾ?" ಎಂದು ಅವಳು ಟೂಲ್ ಬಾಕ್ಸ್ ಎತ್ತಿಕೊಂಡಳು. "ಮೇಲೆ ಚಿಕ್ಕಪ್ಪ ಇರ್ಲಿ."

ಒಂಬತ್ತು ಮಹಡಿಯ ಕಟ್ಟಡ. ನೆಲಮಹಡಿಯ ಗೋಡೆಗೆ ಹೊಸ ಬಣ್ಣ ಬಂದಿತ್ತು, ಲಿಫ್ಟಿನ ಬಾಗಿಲು ಮಾತ್ರ ಹಳೆಯದೇ. ಮೇಸ್ತ್ರಿ, ವೈರ್‌ಮನ್ ವ್ಯಾನಿನಿಂದ ಸಾಮಾನು ಇಳಿಸುತ್ತಿದ್ದರು. ಚಿಕ್ಕಪ್ಪ ಬಾಗಿಲು ತೆರೆದು ಹಿಡಿದ. ತಣ್ಣನೆಯ ಗಾಳಿಯ ಜೊತೆ ಹಳೆಯ ಗ್ರೀಸಿನ ವಾಸನೆ ಮೇಲೆ ಬಂತು.

"ಹೆದರಿಕೆ ಆಗ್ತಿದ್ಯಾ?"

"ಆಗ್ತಿದೆ. ಅದಕ್ಕೇ ಬುರುಡೆ ಬಿಟ್ಟೆ. ಎಷ್ಟಾದ್ರೂ ಚಿಕ್ಕಪ್ಪ ಅಲ್ವಾ, ಮುಚ್ಚೇ ಮುಚ್ತೀರ ಅಂದ್ಕೊಂಡಿದ್ದೆ." ಅವಳು ಕೈಗವಸು ಹಾಕಿಕೊಂಡಳು. "ನೀವೂ ಅವತ್ತು ಹಂಗೇ ಅಂದ್ಕೊಂಡಿದ್ರಿ."

"ಅವತ್ತು ನಂಗೆ..."

"ಮೂರು ರಾಜ ಇರ್ಲಿಲ್ಲ ಚಿಕ್ಕಪ್ಪ. ನಂಗೆ ಗೊತ್ತು. ಅಮ್ಮಂಗೂ ಗೊತ್ತು."

ಅವಳು ಬಾಗಿಲು ಹಿಡಿದಿದ್ದ ಅವನ ಕೈಯ ಕಡೆ ನೋಡಿದಳು.

"ಸುಳ್ಳು ಹೇಳುವಾಗ ನಿಮ್ಮ ಹೆಬ್ಬೆರಳು ಮುಷ್ಟಿಯೊಳಗೆ ಹೋಗುತ್ತೆ. ನೀವು ಆರು ವರ್ಷದವರಿದ್ದಾಗ್ಲಿಂದ ಹಂಗೇ ಅಂತೆ. ಅಪ್ಪ ಹೇಳ್ತಿದ್ರು. ನಿಮಗೆ ಮಾತ್ರ ಹೇಳಕೂಡ್ದು ಅಂತ ನಮ್ಮಿಬ್ರ ಹತ್ರ ಆಣೆ ಹಾಕಿಸ್ಕೊಂಡಿದ್ರು. 'ಅವನಿಗೆ ಗೊತ್ತಾದ್ರೆ ವಾರ ವಾರ ನಾನೇ ಗುಂಡಿಗೆ ಇಳೀಬೇಕಾಗುತ್ತೆ' ಅಂತ ನಗ್ತಿದ್ರು." ಅವಳ ದನಿ ಸ್ವಲ್ಪ ಒಡೆಯಿತು. "ಅಪ್ಪನ್ನ ಮಲಗಿಸಿದ್ವಲ್ಲ, ಅಲ್ಲಿ ನಿಂತು ಅಮ್ಮಂಗೆ ಮೂರು ರಾಜ ಅಂದ್ರಿ. ನಾವಿಬ್ರೂ ನೋಡಿದ್ದು ನಿಮ್ಮ ಕೈನೇ."

ಆರು ವರ್ಷದವನಿದ್ದಾಗಿನಿಂದ. ಹಾಗಾದರೆ ಅಂದು ಅಣ್ಣ ತನ್ನ ಎಲೆ ನೋಡಿಕೊಂಡು, ಆಮೇಲೆ ತಮ್ಮನನ್ನು ನೋಡಿದಾಗ, ನೋಡಿದ್ದು ಈ ಮುಷ್ಟಿಯನ್ನು. ಅಣ್ಣನ ಕೈಯಲ್ಲಿ ಏನಿದ್ದರೂ ಅಷ್ಟೇ. ತಮ್ಮನದು ಖಾಲಿ ಎಂದು ತಿಳಿದೇ ಮುಚ್ಚಿದ್ದ. ಮೂರು ವರ್ಷ ಕಂಡವರ ಎಲೆಯಲ್ಲೆಲ್ಲ ಹುಡುಕಿದ ಉತ್ತರ ತೋರ್ಸಪ್ಪನ ಮುಷ್ಟಿಯೊಳಗೇ ಇತ್ತು.

"ಯಾಕಮ್ಮ ಇಷ್ಟು ದಿನ ಹೇಳ್ಲಿಲ್ಲ?"

"ನೀವೇ ಹೇಳ್ತೀರ ಅಂತ ಕಾದ್ವಿ. ಅಮ್ಮ ಇನ್ನೂ ಕಾಯ್ತಿದಾರೆ."

ಇಷ್ಟಕ್ಕೇ ಅವನು ನಿಲ್ಲಿಸಿಬಿಡಬಹುದಿತ್ತು. ಆದರೆ ಅವಳು ಕೆಳಗೆ ಇಳಿಯುತ್ತಿದ್ದಳು, ಮೇಲೆ ನಿಲ್ಲುವವನು ಅವನು. ಯಾರನ್ನು ನಂಬಿ ಇಳಿಯುತ್ತಿದ್ದೇನೆ ಎಂದು ಅವಳಿಗೆ ಗೊತ್ತಿರಬೇಕು.

"ಇನ್ನೊಂದಿದೆ. ಅದು ನಿಮಗೆ ಗೊತ್ತಿಲ್ಲ" ಎಂದ. "ಅವತ್ತು ಮೇಲೆ ನಾನು ನಿದ್ದೆ ಹೋಗಿದ್ದೆ. ಎರಡು ರಾತ್ರಿ ಮಲಗಿರ್ಲಿಲ್ಲ. ಅಣ್ಣ ಬಡಿದದ್ದು ಕೇಳಿಸ್ತು, ಕನಸು ಅಂದ್ಕೊಂಡೆ. ಕೂಡ್ಲೇ ಎಳೀಲಿಲ್ಲ."

"ಕೂಡ್ಲೇ ಅಲ್ಲ ಅಂದ್ರೆ ಎಷ್ಟು ಹೊತ್ತು?"

"ಅರ್ಧ ನಿಮಿಷ ಇರಬಹುದು. ಜಾಸ್ತೀನೂ ಇರಬಹುದು. ಗೊತ್ತಿಲ್ಲ."

ಅವಳು ಗುಂಡಿಯ ಕಡೆ ಮುಖ ತಿರುಗಿಸಿದಳು. ಬೆನ್ನು ಮಾತ್ರ ಕಾಣುತ್ತಿತ್ತು.

"ನಿಮಗೆ ನಿದ್ದೆ ಇಲ್ಲ ಅಂತ ಅಪ್ಪಂಗೆ ಗೊತ್ತಿತ್ತು" ಎಂದಳು ಕೊನೆಗೆ. "ಗೊತ್ತಿದ್ದೂ ಪಾಪ ಅಂತ ನಿಮ್ಮನ್ನ ಬ್ರೇಕ್ ಹತ್ರ ಕೂರ್ಸಿದ್ರು. ನಿದ್ದೆಗೆಟ್ಟವನನ್ನ ಯಾರಾದ್ರೂ ಅಲ್ಲಿ ಕೂರಿಸ್ತಾರಾ? ಅದು ಅಪ್ಪನ ತಪ್ಪು." ಕಣ್ಣೊರೆಸಿಕೊಂಡಾಗ ಕೈಗವಸಿನ ಗ್ರೀಸು ಕೆನ್ನೆಗೆ ಹತ್ತಿತು. "ನಿಮ್ಮದು ನಿಮ್ಮದೇ. ಅದನ್ನ ನಾನು ಇಲ್ಲ ಅನ್ನಲ್ಲ."

"ಮೇಸ್ತ್ರಿನ ಮೇಲೆ ಕಳ್ಸ್ತೀನಿ. ನಾನು ಬೇಡ."

"ರಾತ್ರಿ ನಿದ್ದೆ ಮಾಡಿದ್ರಾ?"

"ಮಾಡ್ದೆ."

"ಕೈ ತೋರಿಸಿ."

ಅವನು ಎರಡೂ ಕೈ ಮುಂದೆ ಚಾಚಿದ. ಮಗು ಕೈ ತೊಳೆದಿದೆಯೋ ಇಲ್ಲವೋ ಎಂದು ನೋಡುವ ತಾಯಿಯಂತೆ ಅವಳು ಬಗ್ಗಿ ನೋಡಿದಳು. ಹೆಬ್ಬೆರಳು ಎರಡೂ ಹೊರಗೇ ಇದ್ದವು.

"ಅಮ್ಮಂಗೆ ಇವತ್ತೇ ಹೇಳ್ಬೇಕು. ನಾನು ಜೊತೇಲಿ ಬರಲ್ಲ" ಎಂದು ಏಣಿಗೆ ಕಾಲಿಟ್ಟು ಇಳಿದಳು.

ಮೇಲಿನ ಕೋಣೆಯಲ್ಲಿ ಏನೂ ಬದಲಾಗಿರಲಿಲ್ಲ. ಅದೇ ಡಬ್ಬ, ಅದೇ ಕಿಟಕಿ. ಅವನು ಕೂರಲಿಲ್ಲ. ಒಂದು ಕೈ ಬ್ರೇಕಿನ ಹಿಡಿಯ ಮೇಲೆ, ಇನ್ನೊಂದರಲ್ಲಿ ಅಣ್ಣನ ಟೂಲ್ ಬಾಕ್ಸಿನ ಸ್ಪ್ಯಾನರ್. ಕೆಳಗೆ ಆಸರೆ ಕಂಬ ನಿಂತ ಸದ್ದು, ಅದನ್ನು ಎರಡು ಸಲ ಅಲ್ಲಾಡಿಸಿದ ಸದ್ದು ಒಂಬತ್ತು ಮಹಡಿ ಹತ್ತಿ ಬಂತು. ಆಮೇಲೆ ಟಕ್ ಟಕ್. ಇವನೂ ಬಡಿದ. ಮಧ್ಯಾಹ್ನದವರೆಗೆ ಅವಳು ಕೇಳಿದಳು, ಇವನು ಉತ್ತರ ಕೊಟ್ಟ. ಒಂದೂ ತಪ್ಪಲಿಲ್ಲ.

ಒಂದು ಗಂಟೆಗೆ ಕೆಲಸ ಮುಗಿಯಿತು. ಅವಳು ಟೂಲ್ ಬಾಕ್ಸ್ ಹೊತ್ತು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದು, ಕೆಲಸದ ಪುಸ್ತಕವನ್ನು ಅವನ ಸಹಿಗೆ ಚಾಚಿದಳು. ಕಿಟಕಿಯಿಂದ ಕೆಳಗೆ ರಸ್ತೆ ಕಾಣುತ್ತಿತ್ತು. ಮೇಸ್ತ್ರಿ ಮತ್ತು ವೈರ್‌ಮನ್ ಆಸರೆ ಕಂಬವನ್ನು ವ್ಯಾನಿಗೆ ಏರಿಸುತ್ತಿದ್ದರು. ಗುಂಡಿಯ ಬಾಗಿಲಿಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿ ಬಂದಿದ್ದಳು ಅವಳು.

ಸಹಿ ಹಾಕುತ್ತಿದ್ದಾಗ ಕಂಬಿ ಬಡಿಯಿತು. ಟಕ್ ಟಕ್.

ಅವನು ಅವಳನ್ನು ನೋಡಿದ. ಚಿಂದಿಯಲ್ಲಿ ಕೈ ಒರೆಸುತ್ತಿದ್ದವಳು ಒಂದು ಗಳಿಗೆ ನಿಲ್ಲಿಸಿದಳೋ ಇಲ್ಲವೋ, ಅವನಿಗೆ ಸರಿಯಾಗಿ ಕಾಣಲಿಲ್ಲ. ಅವನ ಕಾಲು ಆಗಲೇ ಮೆಟ್ಟಿಲಿನ ಕಡೆ ತಿರುಗಿದ್ದವು. ಇಳಿದು, ಬೀಗ ತೆಗೆದು, ಬಗ್ಗಿ ನೋಡಬೇಕು, ಒಂದೇ ಒಂದು ಸಲ. ಅಂಗೈ ತುರಿಸಿತು.

ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಹತ್ತು ಎಣಿಸಿದ. ಆಮೇಲೆ ಸ್ಪ್ಯಾನರ್ ಎತ್ತಿ ಕಂಬಿಯ ಮೇಲೆ ಎರಡು ಸಲ ಬಡಿದ. ಇದ್ದೀನಿ ಅಣ್ಣ, ಎಚ್ಚರವಾಗಿದ್ದೀನಿ. ಉತ್ತರಕ್ಕೆ ಕಾದ. ಕೆಳಗಿನಿಂದ ಇನ್ನೇನೂ ಬರಲಿಲ್ಲ.

ಮೇನ್ ಸ್ವಿಚ್ ಇಳಿಸಿ, ಸ್ಪ್ಯಾನರನ್ನು ಅಣ್ಣನ ಟೂಲ್ ಬಾಕ್ಸಿನಲ್ಲಿ ಅದರ ಜಾಗಕ್ಕೆ ಇಟ್ಟ.

"ಅತ್ತಿಗೆ ಈಗ ಮನೇಲಿರ್ತಾರಾ?" ಎಂದು ಕೇಳಿದ.

"ಇರ್ತಾರೆ" ಎಂದಳು ಅವಳು.